ಪರದೆಯ ಹಿಂದೆ

ಪ್ಯಾರಿಸ್ ನಗರದಲ್ಲಿ ೧೮೭೫ರಲ್ಲಿ ತೆರೆದ ಗೀತನಾಟಕ ಮಂದಿರಕ್ಕೆ ಬರುವ ಯಾತ್ರಿಕರಿಗೆ ಅದರ ಒಳಭಾಗಗಳನ್ನು ವಿವರಿಸಿ ತೋರಿಸುವ ಏರ್ಪಾಡುಂಟು. ಬಹುಕಾಲ ಮುಚ್ಚಿದ್ದ ಮುಂಬಯಿಯ ರಾಯಲ್ ಆಪೆರಾ ಹೌಸ್ ಜೀರ್ಣೋದ್ಧಾರವಾಗಿ ೨೦೧೬ರಲ್ಲಿ ಮತ್ತೆ ತೆರೆಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಅಂತಹ ಮಂದಿರವೆಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ನಮ್ಮದು ಸಂಜೆಗೆ ಎದ್ದು ಬೆಳಗಿಗೆ ಬಿಚ್ಚಿಹೋಗುವ ಮಂದಿರ. ಊರ ಬಯಲಿನಲ್ಲಿ ಕುರುಕ್ಷೇತ್ರ ನಾಟಕಕ್ಕಾಗಿ ಕಟ್ಟುವ ರಂಗವೇ ಅದು. ಮುಂದೆ ಕುಳಿತು ನೋಡಿದವರು ಅಸಂಖ್ಯರು. ಹಿಂದೆ ಹೋಗಿ ನೋಡಿದವರು ವಿರಳ. ವಾಚಕ ಮಹಾಶಯರು ಒಮ್ಮೆ ನಮ್ಮೊಡನೆ ಬರಬೇಕು.

ಹಿಂದೆ ಹೋದೊಡನೆ ಕಾಣುವುದು ಬಾಡಿಗೆಗೆ ತಂದ ಸೀನರಿ. ಅರಮನೆ, ಬೀದಿ, ಕಾಡು—ಮೂರೂ ಬಿದಿರುಗಳಿಗೆ ಸುತ್ತಿಕೊಂಡು ಮೇಲೆ ತೂಗುತ್ತಿರುತ್ತವೆ. ಹಗ್ಗ ಹಿಡಿದವನು ಒಂದು ಕ್ಷಣ ಮೈಮರೆತರೆ ದ್ರೌಪದಿಯ ವಸ್ತ್ರಾಪಹರಣ ಕಾಡಿನಲ್ಲಿ ನಡೆದೀತು! ಆಚೆ ಬಣ್ಣದ ಕೋಣೆ. ಗಣಪತಿಗೆ ಪೂಜೆಯಾಗಿದೆ. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿದ ರೈತನು ಈಗ ಕನ್ನಡಿಯ ಮುಂದೆ ಕುಳಿತು ದುರ್ಯೋಧನನಾಗುತ್ತಿದ್ದಾನೆ. ಈ ಪಾತ್ರಕ್ಕೆ ಅವನಿಗೆ ಸಂಬಳವಿಲ್ಲ. ಅವನೇ ಹಣ ತೆತ್ತಿದ್ದಾನೆ. ಇವರೆಲ್ಲರಿಗೂ ತಿಂಗಳುಗಟ್ಟಲೆ ಕಂದ, ವೃತ್ತ, ಹಾಡುಗಳನ್ನು ಬಾಯಿಪಾಠ ಮಾಡಿಸಿದವರು ಹಾರ್ಮೋನಿಯಂ ಮೇಷ್ಟ್ರು. ಮಾತು ಮರೆತವನನ್ನು ಸ್ವರ ಹಿಡಿದು ದಡ ಸೇರಿಸುವವರೂ ಅವರೇ.

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯು ೧೯೩೪ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಆನೆ ಕುದುರೆಗಳೊಡನೆ ರಂಗಕ್ಕೆ ತಂದಿತು. ಕಂಪೆನಿಗಳ ಕಾಲ ಇಳಿದರೂ ಅವುಗಳ ಮಟ್ಟುಗಳು ಹಳ್ಳಿಗಳಲ್ಲಿ ಉಳಿದವು. ಪಾಂಡವರು ಕುಂತಿಯೊಡನೆ ತಂಗಿದ್ದರೆಂದು ಜನ ನಂಬುವ ಕುಂತಿಬೆಟ್ಟದ ಸೀಮೆಯಲ್ಲಿ ಆ ಕಥೆ ಬೇರೂರಿದುದು ಆಶ್ಚರ್ಯವಲ್ಲ. ಗೋಕುಲ ನಿರ್ಗಮನವೆಂಬ ಗೀತನಾಟಕವನ್ನು ಕನ್ನಡಕ್ಕಿತ್ತ ಪು.ತಿ.ನ. ಅವರು (೧೯೦೫–೧೯೯೮) ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು.

ಕಲ್ಲಿನ ಮಂದಿರ ಹಾಳಾದರೆ ಅದರ ಬಿರುಕು ಕಣ್ಣಿಗೆ ಬೀಳುತ್ತದೆ. ಪ್ರಭುಗಳೂ ಧನಿಕರೂ ದುರಸ್ತಿಗೆ ಮುಂದಾಗುತ್ತಾರೆ. ಮೇಷ್ಟ್ರ ಕಂಠದಲ್ಲಿರುವ ಮಟ್ಟು ಹೋದರೆ ಕೇಳುವವರಾರು? ಕೈಯಿಂದ ಬರೆದ ಪರದೆ ಜೀರ್ಣವಾದರೆ ಗೋಣಿಯ ಬದಲು ಉಪಯೋಗವಾಗುತ್ತದೆ. ತಾಲ್ಲೂಕಿಗೊಂದು ಕೊಠಡಿ, ಹಳೆಯ ಪರದೆಗಳಿಗೊಂದು ಒಣ ಜಾಗ, ಹಿರಿಯ ಮೇಷ್ಟ್ರುಗಳ ಹಾಡನ್ನು ಮುದ್ರಿಸಿಡುವ ಯಂತ್ರವೊಂದು—ಪುರಸಭೆಗಳಿಗೆ ಇದು ಮೀರಿದ ವೆಚ್ಚವೇ? ನಾಟಕದ ದಿನ ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಾರ ಹಾಕಿಸಿಕೊಳ್ಳುವ ಮಹನೀಯರು ಒಂದು ಗಳಿಗೆ ಎದ್ದು ಪರದೆಯ ಹಿಂದಕ್ಕೆ ಹೋಗಿ ನೋಡಲೆಂದು ನಮ್ಮ ಅರಿಕೆ.