ವಂಶಾವಳಿಯ ಎಳೆ ಕಡಿದಾಗ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತಮ್ಮ ಮನೆತನದ ಹಿಂದಿನವರನ್ನು ಹುಡುಕಹೊರಟ ಹಲವರು ಮುತ್ತಜ್ಜನ ಹೆಸರಿಗೆ ಬಂದು ನಿಲ್ಲುತ್ತಾರೆ. ಇದಕ್ಕೆ ಒಂದು ಕಾರಣ ಗಡಿ. ಈ ಎರಡೂ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು. ಪಕ್ಕದ ರಾಯದುರ್ಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಆಂಧ್ರಕ್ಕೆ ಸೇರಿತು. ಹೆಣ್ಣು ಕೊಟ್ಟು ತಂದ ನಂಟು ಗಡಿ ದಾಟಿತು. ದಾಖಲೆಗಳು ಮಾತ್ರ ಆಯಾ ಕಡೆಯ ಕಚೇರಿಗಳಲ್ಲೇ ಉಳಿದವು.

ನಿಮ್ಮ ಹುಡುಕಾಟ ನಿಂತಾಗ ಕೈಕಟ್ಟಿ ಕೂರಬೇಡಿ. ಹುಡುಕುತ್ತಿರುವ ಇನ್ನೊಂದು ಮನೆಯವರಿಗೆ ನೆರವಾಗಿ. ಒಂದೇ ಬೆಡಗಿನೊಳಗೆ ಮದುವೆ ಸಲ್ಲದೆಂಬುದು ಇಲ್ಲಿನ ಮ್ಯಾಸನಾಯಕರಲ್ಲೂ ಕಾಡುಗೊಲ್ಲರಲ್ಲೂ ರೂಢಿ. ಹಾಗಾಗಿ ಒಂದು ಮನೆಯ ಸೊಸೆ ಬೇರೊಂದು ಬೆಡಗಿನ ಮಗಳು. ನಿಮಗೆ ಸಿಗದ ಅಜ್ಜಿಯ ತವರು ಅವರ ಹಿರಿಯರ ನೆನಪಿನಲ್ಲಿರಬಹುದು.

ಓದುಬರಹ ಬಾರದ ಹಿರಿಯರು ಹೇಳಿದ್ದನ್ನು ಬೆಡಗು, ಮನೆದೇವರು, ತವರೂರುಗಳ ಸಮೇತ ಬರೆದುಕೊಡಿ. ಹಳೆಯ ಕ್ರಯಪತ್ರಗಳನ್ನು ಓದಿ ಹೇಳಿ. ತೆಲುಗು ಬಲ್ಲವರಾದರೆ ರಾಯದುರ್ಗದ ಕಡೆಯ ಕಾಗದಗಳಿಗೂ ಕೈಹಾಕಬಹುದು. ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ವಂಶವೃಕ್ಷಕ್ಕೂ ಜಮೀನಿನ ಪಾಲಿಗೂ ನಂಟಿರುವುದರಿಂದ ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ಯಾರಿಗೂ ತೋರಿಸಬೇಡಿ. ಕಾಗದ ನಾಳೆಯೂ ಸಿಕ್ಕೀತು. ಹಿರಿಯರನ್ನು ಇಂದೇ ಕೇಳಿ.