ಗಾಯಗಳ ಲೆಕ್ಕಪುಸ್ತಕ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟವರು ನೇತ್ರಾವತಿಯ ಸೇತುವೆಯನ್ನು ದಾಟಿದೊಡನೆ ಉಳ್ಳಾಲದ ಸೀಮೆಯನ್ನು ಸೇರುವರು. ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗುವ ದಾರಿ ದೇರಳಕಟ್ಟೆಯ ದೊಡ್ಡ ಬೋಧನಾಸ್ಪತ್ರೆಗಳಿಗೆ ಒಯ್ಯುವುದು. 66ನೆಯ ರಾಷ್ಟ್ರೀಯ ಹೆದ್ದಾರಿಯಾದರೋ ನೇರವಾಗಿ ತಲಪಾಡಿಯ ಗಡಿಗೂ, ಅದರಾಚೆ ಮಂಜೇಶ್ವರ ಕಾಸರಗೋಡುಗಳಿಗೂ ಸಾಗುವುದು. ವಿದ್ಯಾರ್ಥಿಮಿತ್ರರೇ, ಮಂಜೇಶ್ವರದ ಬಳಿ ಮೋಟಾರು ಸೈಕಲ್ಲಿನಿಂದ ಬಿದ್ದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ಬಿದ್ದುದು ಕೇರಳದಲ್ಲಿ. ಅವನನ್ನು ತಂದು ಮಲಗಿಸಿದುದು ಕರ್ನಾಟಕದ ಆಸ್ಪತ್ರೆಯಲ್ಲಿ. ಇಪ್ಪತ್ತನೆಯ ದಿನ ಅವನು ತೀರಿಕೊಂಡನೆನ್ನಿ. ಈ ಸಾವನ್ನು ಯಾವ ಪುಸ್ತಕದಲ್ಲಿ ಬರೆಯಬೇಕು?

ಪೋಲೀಸು ಠಾಣೆಯ ಪುಸ್ತಕದಲ್ಲಿ ಮೊದಲ ದಿನ ಅವನು ‘ಗಾಯಾಳು’. ಅಪಘಾತವಾದ ಮೂವತ್ತು ದಿನಗಳೊಳಗೆ ಸತ್ತವನನ್ನು ರಸ್ತೆ ಅಪಘಾತದಲ್ಲಿ ಮೃತನಾದವನೆಂದೇ ಎಣಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆದರೆ ಆ ಸುದ್ದಿಯನ್ನು ಯಾರಾದರೂ ಗಡಿ ದಾಟಿಸಿ ಠಾಣೆಗೆ ಮುಟ್ಟಿಸದಿದ್ದರೆ, ಕಾಗದದ ಮೇಲೆ ಅವನು ಗಾಯಾಳುವಾಗಿಯೇ ಉಳಿಯುವನು! ಇತ್ತ ಆಸ್ಪತ್ರೆಯ ಕಡತದಲ್ಲಿ ಅವನ ತಲೆಬುರುಡೆಯ ಸೀಳಿನ ವಿವರವೆಲ್ಲ ಉಂಟು. ರಸ್ತೆಯ ತಿರುವಿನ ಮಾತಿಲ್ಲ. ಆಂಬುಲೆನ್ಸಿನವರ ಚೀಟಿಯಲ್ಲಿ ಹೊರಟ ಹೊತ್ತು, ತಲುಪಿದ ಹೊತ್ತುಗಳುಂಟು, ಮುಂದೇನಾಯಿತೆಂಬುದಿಲ್ಲ. ಹೀಗೆ ಒಬ್ಬನೇ ಮನುಷ್ಯ ಮೂರು ಪುಸ್ತಕಗಳಲ್ಲಿ ಮೂರು ತುಂಡಾಗಿ ಹಂಚಿಹೋಗಿರುವನು. ಈ ತುಂಡುಗಳನ್ನು ಕೂಡಿಸಿ ಒಂದೇ ಸಾಲಿನಲ್ಲಿ ಬರೆದಿಡುವ ಪುಸ್ತಕಕ್ಕೆ ಗಾಯದ ನೋಂದಣಿ ಎಂದು ಹೆಸರು. ಒಂದು ದೇಶಕ್ಕೆಲ್ಲ ಒಂದೇ ನೋಂದಣಿಯನ್ನು ನಡೆಸುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ.

2010ರ ಮೇ 22ರಂದು ಬಜಪೆಯ ನಿಲ್ದಾಣದಲ್ಲಿ ವಿಮಾನವೊಂದು ಓಟದ ಹಾದಿಯನ್ನು ಮೀರಿ ಕಣಿವೆಗುರುಳಿ 158 ಮಂದಿ ಮಡಿದರು. ಬದುಕಿದವರು 8 ಮಂದಿ. ವಿಚಾರಣಾ ಮಂಡಲಿ ಕುಳಿತಿತು. ಕೊನೆಯ ಕ್ಷಣಗಳನ್ನೆಲ್ಲ ಶೋಧಿಸಿತು. ಆಗಬೇಕಾದುದೇ ಸರಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರ್ಕಾರದ ವರದಿ ಹೇಳುವುದು. ಭಾಗಿಸಿ ನೋಡಿ: ದಿನಕ್ಕೆ ಸುಮಾರು 460, ಎಂದರೆ ದಿನವೊಂದಕ್ಕೆ ಹೆಚ್ಚು ಕಡಮೆ ಅಂತಹ ಮೂರು ವಿಮಾನಗಳು. ಇವರು ಒಬ್ಬೊಬ್ಬರಾಗಿ ಬಿದ್ದುದರಿಂದ ಇವರಿಗೆ ವಿಚಾರಣಾ ಮಂಡಲಿಯಿಲ್ಲ. ನೋಂದಣಿಯು ಆ ಮಂಡಲಿಯ ಕೆಲಸವನ್ನು ಸದ್ದಿಲ್ಲದೆ, ಪ್ರತಿದಿನವೂ ಮಾಡತಕ್ಕದ್ದು.

ಮೊದಲ ತೊಡಕು ಅಳತೆಯದು. ‘ತೀವ್ರ ಗಾಯ’ವೆಂದರೆ ಎಷ್ಟು ತೀವ್ರ? ಒಬ್ಬ ವೈದ್ಯರಿಗೆ ತೀವ್ರವಾಗಿ ತೋರಿದುದು ಮತ್ತೊಬ್ಬರಿಗೆ ಸಾಧಾರಣವಾಗಿ ತೋರಬಹುದು. 1974ರಲ್ಲಿ ಅಮೆರಿಕದ ಸೂಸನ್ ಬೇಕರ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಸರಳವಾದ ಗಣಿತವನ್ನು ಸೂಚಿಸಿದರು. ದೇಹವನ್ನು ಆರು ಭಾಗಗಳನ್ನಾಗಿ ವಿಂಗಡಿಸಿ, ಪ್ರತಿಯೊಂದರ ಗಾಯಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡುವುದು. ಬದುಕಿಸಲಾಗದ ಗಾಯಕ್ಕೆ ಆರು. ಹೆಚ್ಚು ಪೆಟ್ಟು ತಿಂದ ಮೂರು ಭಾಗಗಳ ಅಂಕಗಳನ್ನು ವರ್ಗಮಾಡಿ ಕೂಡಿಸುವುದು. ನಮ್ಮ ತರುಣನ ತಲೆಗೆ 4, ಎದೆಗೆ 3, ಕಾಲಿಗೆ 3 ಎಂದಿಟ್ಟರೆ 16, 9, 9 ಸೇರಿ 34 ಆಯಿತು. ಪರಮಾವಧಿ 75. ಹದಿನೈದನ್ನು ಮೀರಿದರೆ ತೀವ್ರವೆಂಬುದು ಬಹುಕಾಲದ ರೂಢಿ.

ವರ್ಗವೇಕೆ, ಬರಿದೆ ಕೂಡಿಸಿದರಾಗದೆ? 5 ಅಂಕದ ಒಂದೇ ಗಾಯವೂ, 3 ಮತ್ತು 2 ಅಂಕದ ಎರಡು ಗಾಯಗಳೂ ಕೂಡಿದರೆ ಸಮವೇ. ಆದರೆ ಮೊದಲನೆಯವನು ಸಾವಿಗೆ ಬಹಳ ಹತ್ತಿರದಲ್ಲಿರುವನು. ವರ್ಗಮಾಡಿದಾಗ ಒಬ್ಬನಿಗೆ 25, ಇನ್ನೊಬ್ಬನಿಗೆ 13 ಬಂದು ಆ ಅಂತರ ಕಣ್ಣಿಗೆ ಕಾಣುವುದು. ಇಲ್ಲಿ ಗಣಿತ ಅನುಭವವನ್ನು ಹಿಂಬಾಲಿಸಿದೆಯೇ ಹೊರತು ಅನುಭವ ಗಣಿತವನ್ನಲ್ಲ.

ಅಂಕ ಕೊಡುವವರು ಸಾಮಾನ್ಯವಾಗಿ ಶಸ್ತ್ರವೈದ್ಯರಲ್ಲ; ಇದಕ್ಕಾಗಿಯೇ ತರಬೇತಿ ಪಡೆದ ದಾಖಲೆಗಾರರು. ಕಡತವನ್ನು ಓದಿ, ಪ್ರತಿ ಮುರಿತಕ್ಕೂ ಸಂಕೇತ ಹಾಕಬೇಕು. ಕೆಲಸ ನಿಧಾನ, ಕೀರ್ತಿ ಸೊನ್ನೆ. ಯಂತ್ರ ಕೊಳ್ಳಲು ಹಣ ಸಿಗುವಷ್ಟು ಸುಲಭವಾಗಿ ಇವರ ಸಂಬಳಕ್ಕೆ ಸಿಗದೆಂಬುದು ನನ್ನ ಗುಮಾನಿ. ಇವರಿಲ್ಲದೆ ನೋಂದಣಿ ಎಂಬುದು ಖಾಲಿ ಕೋಷ್ಟಕ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಒಂದು ಆಸ್ಪತ್ರೆಯಲ್ಲಿ ನೂರು ಗಾಯಾಳುಗಳಲ್ಲಿ ಇಪ್ಪತ್ತು ಮಂದಿ, ಮತ್ತೊಂದರಲ್ಲಿ ಮೂವತ್ತು ಮಂದಿ ಸತ್ತರೆನ್ನಿ. ಮೊದಲನೆಯದೇ ಮೇಲೆಂದು ಅವಸರದಲ್ಲಿ ಹೇಳಿಬಿಡುವೆವು. ಆದರೆ ಮೊದಲನೆಯದು ದೂರದ ಊರಿನಲ್ಲಿದ್ದು, ಅತಿ ತೀವ್ರವಾಗಿ ಗಾಯಗೊಂಡವರು ದಾರಿಯಲ್ಲೇ ಪ್ರಾಣಬಿಡುತ್ತಿದ್ದರೆ? ಬಾಗಿಲಿಗೆ ಬಾರದವರು ಅದರ ಲೆಕ್ಕದಲ್ಲಿಲ್ಲ. ಆದುದರಿಂದ ಒಳ್ಳೆಯ ನೋಂದಣಿಯು ಗಾಯದ ಅಂಕ, ವಯಸ್ಸು, ಬಂದಾಗಿನ ರಕ್ತದೊತ್ತಡ, ಉಸಿರು, ಪ್ರಜ್ಞೆ ಇವುಗಳಿಂದ ಎಷ್ಟು ಮಂದಿ ಬದುಕಬೇಕಾಗಿತ್ತೆಂದು ಮೊದಲು ಗಣಿಸಿ, ಎಷ್ಟು ಮಂದಿ ಬದುಕಿದರೆಂಬುದರೊಡನೆ ಹೋಲಿಸುವುದು. ದಾರಿಯಲ್ಲಿ ಸತ್ತವರ ಶವಪರೀಕ್ಷೆಯ ವರದಿಯನ್ನೂ ಕೇಳಿ ಪಡೆಯಬೇಕಾಗುವುದು.

ನಮ್ಮ ನಾಡಿನಲ್ಲಿ ಈ ಪ್ರಯತ್ನ ನಡೆಯದೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2007ರ ಸುಮಾರಿಗೆ ಪೋಲೀಸರನ್ನೂ ನಗರದ ಹಲವು ಆಸ್ಪತ್ರೆಗಳನ್ನೂ ಜೊತೆಗೂಡಿಸಿ ಗಾಯಗಳ ಮೇಲೆ ನಿಗಾ ಇಡುವ ಕಾರ್ಯವನ್ನು ಕೈಗೊಂಡರು. 2021ರಲ್ಲಿ ಸಮಗ್ರ ರಸ್ತೆ ಅಪಘಾತ ದತ್ತಸಂಚಯವೆಂಬ ಕೇಂದ್ರ ಯೋಜನೆ ಮೊದಲು ಆರು ರಾಜ್ಯಗಳಲ್ಲಿ ಪ್ರಾರಂಭವಾಯಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಆದರೆ ಹೆಸರೇ ಹೇಳುವಂತೆ ಅದು ರಸ್ತೆಯ ಲೆಕ್ಕ. ಉಳ್ಳಾಲದ ತೋಟದಲ್ಲಿ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಕಡಿದುಕೊಂಡವನು, ದೋಣಿಯಲ್ಲಿ ಹಗ್ಗದ ರಾಟೆಗೆ ಕೈಕೊಟ್ಟ ಮೀನುಗಾರ, ಇವರನ್ನು ಯಾವ ರಸ್ತೆಯಲ್ಲಿ ಹುಡುಕುವುದು? ಗಾಯದ ನೋಂದಣಿ ಗಾಯದಿಂದ ಹೊರಡಬೇಕು, ವಾಹನದಿಂದಲ್ಲ.

ಕೂಡಿಟ್ಟುದನ್ನು ಕಾಯುವ ಹೊಣೆಯೂ ಸಣ್ಣದಲ್ಲ. ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯ ಬ್ರಿಟನ್ನಿನ ಗಾಯಾಳುಗಳ ನೋಂದಣಿಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದಿತ್ತು. 2023ರ ಜೂನಿನಲ್ಲಿ ಕಳ್ಳರು ಅಲ್ಲಿಯ ಗಣಕಗಳೊಳಗೆ ನುಗ್ಗಿದರು, ನೋಂದಣಿಯನ್ನು ನಿಲ್ಲಿಸಬೇಕಾಯಿತು. ಅದರ ಬದಲಿಗೆ ಹೊಸದೊಂದು ಏರ್ಪಟ್ಟುದು 2024ರಲ್ಲಿ. ಅದಕ್ಕೇ ಹೆಸರು ವಿಳಾಸಗಳನ್ನು ಗಾಯದ ವಿವರದಿಂದ ಬೇರ್ಪಡಿಸಿ, ಬೇರೆ ಬೀಗದಲ್ಲಿಡಬೇಕೆಂದು ಬಲ್ಲವರು ಒತ್ತಾಯಿಸುವುದು.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 2001ರಿಂದ ನಡೆಯುತ್ತಿರುವ ನೋಂದಣಿಯಲ್ಲಿ ಒಂದು ವಿಶೇಷವುಂಟು. ಬೇಡವೆಂದವರ ಹೆಸರನ್ನು ತೆಗೆದುಬಿಡುವರು. ಉಳಿದವರನ್ನು ಮನೆಗೆ ಹೋದ ಮೇಲೂ ಮರೆಯರು. ಆರು ತಿಂಗಳಿಗೆ, ಮತ್ತೆ ವರ್ಷಕ್ಕೆ ದೂರವಾಣಿಯಲ್ಲಿ ವಿಚಾರಿಸುವರು: ನೋವು ಇದೆಯೆ, ನಡೆಯಬಲ್ಲಿರಾ, ಕೆಲಸಕ್ಕೆ ಮರಳಿದಿರಾ? ಆಸ್ಪತ್ರೆಯ ಕಡತದಲ್ಲಿ ‘ಗುಣವಾಗಿ ಬಿಡುಗಡೆ’ ಎಂದು ಬರೆಸಿಕೊಂಡು ಮನೆಗೆ ಬಂದ ನಮ್ಮ ತೆಂಗಿನ ಮರದವನಿಗೂ ಈ ಕರೆ ಬಂದರೆ, ಕೊನೆಯ ಅಂಕಣದಲ್ಲಿ ಅವನ ಉತ್ತರವನ್ನು ಬರೆಯಲಾಗುವುದು.