ಸಂಚಕಾರ ಕೊಡುವ ಮೊದಲು ವಕೀಲರ ಬಳಿ ಹೋಗಿರಿ

ಎತ್ತು ಕೊಳ್ಳುವಾಗ ನೀವು ಹಲ್ಲು ಹಿಡಿದು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಆದರೆ ಅದರ ಎಷ್ಟೋ ಪಟ್ಟು ಬೆಲೆಯ ಮನೆ ಕೊಳ್ಳುವಾಗ ದಲಾಲಿಯ ಮಾತು ನಂಬಿ ಒಂದೇ ಸಂಜೆಯಲ್ಲಿ ಸಂಚಕಾರ ಕೊಟ್ಟು ಬರುವವರಿದ್ದಾರೆ.

2005, 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಮಹಾಪೂರ ಕಂಡ ಮೇಲೆ ನದಿದಂಡೆಯ ಅನೇಕ ಮನೆತನಗಳು ಎತ್ತರದ ಜಾಗದಲ್ಲಿ ಮನೆ ಹುಡುಕುವಂತಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವುದೇ ಇರಲಿ, ಕಬ್ಬಿನ ಬಿಲ್ಲು ಕೂಡಿಟ್ಟು ಕೊಳ್ಳುವ ಮನೆ ವ್ಯಾಜ್ಯದ ಮನೆಯಾಗಬಾರದು.

ನೋಂದಣಿ ಆದರೆ ಸಾಲದೇ?

ಸಾಲದು. ನೋಂದಣಿ ಇಲ್ಲದ ಖರೇದಿ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಉಪನೋಂದಣಿ ಕಚೇರಿಯು ಪತ್ರವನ್ನು ದಾಖಲಿಸಿಕೊಳ್ಳುತ್ತದೆ. ಮಾರುವವನಿಗೆ ಪೂರ್ಣ ಹಕ್ಕು ಉಂಟು ಎಂದು ಹೊಣೆ ಹೊರುವುದಿಲ್ಲ. ಆ ಹೊಣೆ ಕೊಳ್ಳುವ ನಿಮ್ಮದೇ. ಬರೇ ಮುಖತ್ಯಾರ ಪತ್ರ, ಕರಾರು ಪತ್ರಗಳ ಮೇಲಿನ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ಒಂದು ಉದಾಹರಣೆ ಎಣಿಸಿರಿ. ಮೂವರು ಅಣ್ಣತಮ್ಮಂದಿರು ಹಿರಿಯರ ಮನೆಯನ್ನು ನಿಮಗೆ ಖರೇದಿ ಕೊಟ್ಟರು. ನೀವು ಮೇಲೊಂದು ಅಂತಸ್ತು ಕಟ್ಟಿದಿರಿ. ಐದು ವರ್ಷದ ನಂತರ ಗಂಡನ ಮನೆಯಲ್ಲಿದ್ದ ಅವರ ತಂಗಿ ತನ್ನ ಹಿಸ್ಸೆಗಾಗಿ ದಾವೆ ಹೂಡಿದಳು. ಮಾರಿದವರ ಹಣ ಖರ್ಚಾಗಿ ಹೋಗಿದೆ. ಕೋರ್ಟಿಗೆ ಅಲೆಯುವವರು ನೀವು. ತಂಗಿಯದು ತಪ್ಪಲ್ಲ, ಅವಳನ್ನು ಕೇಳದೆ ಕೊಂಡದ್ದು ತಪ್ಪು.

ವಕೀಲರು ಏನು ನೋಡುತ್ತಾರೆ?

ಮೊದಲನೆಯದು ವಾರಸುದಾರರು. ಜೈನರಿಗೂ ಅನ್ವಯಿಸುವ ಹಿಂದೂ ವಾರಸಾ ಕಾಯದೆಯ 2005ರ ತಿದ್ದುಪಡಿಯಂತೆ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬಂದ ಹಕ್ಕು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿದೆ. ಮುಸ್ಲಿಮರ ಕಾನೂನಿನಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲುಂಟು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಾಟಣಿ ಆಗಿದೆಯೇ ಎಂಬುದನ್ನು ವಕೀಲರು ಪರೀಕ್ಷಿಸುತ್ತಾರೆ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂಬುದನ್ನೂ ನೋಡುತ್ತಾರೆ.

ಎರಡನೆಯದು ದಾಖಲೆಗಳ ಸರಪಳಿ. ಸಾಮಾನ್ಯವಾಗಿ 30 ವರ್ಷಗಳ ಖರೇದಿ ಪತ್ರ, ಉತಾರ, ಹಕ್ಕು ಬದಲಾವಣೆಗಳನ್ನು ತೆಗೆಸುವುದು ವಾಡಿಕೆ. ನಮ್ಮ ಭಾಗ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗವು ಅದಕ್ಕೂ ಹಿಂದೆ ಕೊಲ್ಲಾಪುರ ಸಂಸ್ಥಾನದ್ದು. ಆದ್ದರಿಂದ ಹಳೆಯ ಕಾಗದಗಳು ಮರಾಠಿಯಲ್ಲಿದ್ದರೆ ಅವನ್ನು ಓದಬಲ್ಲ ವಕೀಲರೇ ಬೇಕು. ಪೇಟೆಯಲ್ಲಿ ಸಿಟಿ ಸರ್ವೆ ಉತಾರ, ಹಳ್ಳಿಯಲ್ಲಿ ಇ-ಸ್ವತ್ತು ನಮೂನೆ ನೋಡಬೇಕು.

ಮೂರನೆಯದು ಸಾಲ. ಋಣಭಾರ ಪತ್ರ ತೆಗೆಸಿರಿ. ಉತಾರದಲ್ಲಿ ಸೊಸಾಯಿಟಿಯ ಬೋಜಾ ಇದೆಯೇ ನೋಡಿರಿ. ಮಾರುವವನು ಝೆರಾಕ್ಸ್ ಪ್ರತಿ ಮಾತ್ರ ತೋರಿಸಿದರೆ ಮೂಲ ಪತ್ರ ಎಲ್ಲಿದೆ ಎಂದು ಕೇಳಿರಿ. ಅದು ಬ್ಯಾಂಕಿನಲ್ಲಿ ಅಡವಿರಬಹುದು.

ನಾಲ್ಕನೆಯದು ಜಾಗದ ಜಾತಿ. ಹೊಲವನ್ನು ಎನ್.ಎ. ಮಾಡಿಸದೆ ಗುಂಟೆ ಲೆಕ್ಕದಲ್ಲಿ ಮಾರುವ ಪ್ಲಾಟುಗಳ ಬಗ್ಗೆ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯದೆಯಂತೆ ಸರಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಪೂರ ಸಂತ್ರಸ್ತರಿಗೆ ಕೊಟ್ಟ ನಿವೇಶನವಾದರೆ ಮಾರಾಟ ನಿಷೇಧದ ಷರತ್ತು ಇದೆಯೇ ಎಂದು ಹಕ್ಕುಪತ್ರ ಓದಿಸಿರಿ.

ಯಾರನ್ನು ನೇಮಿಸಬೇಕು?

ದಿವಾಣಿ ದಾವೆಗಳಲ್ಲಿ ಅನುಭವವಿರುವ ವಕೀಲರನ್ನು ನೀವೇ ಆರಿಸಿರಿ. ಮಾರುವವನ ಅಥವಾ ದಲಾಲಿಯ ವಕೀಲರು ನಿಮ್ಮ ವಕೀಲರಲ್ಲ. ಪತ್ರ ಬರೆಯುವವರು ಪತ್ರ ಬರೆದುಕೊಡುತ್ತಾರೆ, ಹಕ್ಕು ಶೋಧಿಸುವುದಿಲ್ಲ. ಫೀ ಎಷ್ಟೆಂದು ಮೊದಲೇ ಕೇಳಿ, ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ದಾಖಲೆಯಲ್ಲಿ ದೋಷ ಕಂಡರೆ ಹಣ ಮರಳಿಸಬೇಕೆಂಬ ಮಾತು ಸಂಚಕಾರ ಪತ್ರದಲ್ಲಿರಲಿ. ಆಸ್ತಿಯು ಮಿರಜ, ಇಚಲಕರಂಜಿಗಳಲ್ಲಿದ್ದರೆ ಅಲ್ಲಿಯ ವಕೀಲರನ್ನೇ ಕೇಳಿರಿ. ಮಹಾರಾಷ್ಟ್ರದ ಕಾನೂನು, ದಾಖಲೆ ಬೇರೆ.

ಫೀ ಕೊಡುವ ಶಕ್ತಿ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಇಲ್ಲವೆ 15100ಕ್ಕೆ ಫೋನು ಮಾಡಬಹುದು. 1987ರ ಕಾಯದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕಡಿಮೆ ವರಮಾನದವರು ಉಚಿತ ಕಾನೂನು ನೆರವಿಗೆ ಅರ್ಹರು. ಪೂರ ಸಂತ್ರಸ್ತರ ಹೆಸರೂ ಆ ಪಟ್ಟಿಯಲ್ಲಿದೆ.

“ಇವತ್ತೇ ಸಂಚಕಾರ ಕೊಡದಿದ್ದರೆ ಬೇರೆಯವರು ಒಯ್ಯುತ್ತಾರೆ” ಎಂದು ಯಾರಾದರೂ ಅವಸರ ಮಾಡಿದರೆ ಎಂಟು ದಿನ ತಡೆಯಿರಿ. ದಾಖಲೆ ಶುದ್ಧವಿದ್ದವನಿಗೆ ಅದನ್ನು ತೋರಿಸಲು ಅಂಜಿಕೆ ಇರುವುದಿಲ್ಲ. ಈ ಮನೆ ಹೋದರೆ ಇನ್ನೊಂದು ಸಿಕ್ಕೀತು. ಕೊಟ್ಟ ಹಣ ಮರಳಿ ಬರುವುದು ಕಷ್ಟ.